ಪ್ರತ್ಯಕ್ಷ ಕಂಡವರ ಬ್ರೂಸ್ ಲೀ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮವರ ಬಾಯಲ್ಲಿ ಎಷ್ಟು ಸವೆದಿದೆಯೆಂದರೆ, ಹೇಳುವವನೂ ಕೇಳುವವನೂ ಅದರ ಕಡೆಗೆ ಲಕ್ಷ್ಯವಿಡದೆ ಮುಂದಿನ ಮಾತಿಗೆ ಹೋಗಿಬಿಡುತ್ತಾರೆ. ಆದರೆ ಈಚೆಗೆ, ಅಂಗೈಯಗಲದ ಮೊಬೈಲು ಫೋನಿನಲ್ಲಿ ಅರೆನಿಮಿಷದ ತುಣುಕು ಚಿತ್ರಗಳನ್ನು ತೋರಿಸಿ, “ನೀವೇ ಕಣ್ಣಾರೆ ನೋಡಿ ಸಾರ್, ಇನ್ನೇನು ಸಾಕ್ಷಿ ಬೇಕು?” ಎಂದು ಹುಡುಗರು ವಾದ ಗೆಲ್ಲಲು ಹೊರಟಾಗಲೆಲ್ಲ ಈ ಗಾದೆ ನನ್ನನ್ನು ತಡೆದು ನಿಲ್ಲಿಸುತ್ತದೆ, ಬ್ರೂಸ್ ಲೀಯ ಪ್ರಸಂಗ ಬಂದಾಗಲಂತೂ ತಪ್ಪದೆ ನಿಲ್ಲಿಸುತ್ತದೆ.

ಆ ತುಣುಕು ಯಾವುದೆಂದು ಬಹುಮಂದಿಗೆ ಗೊತ್ತಿದೆ. ಹಳೆಯ ಫಿಲ್ಮಿನಂತೆ ಮಸುಕಾದ ಚಿತ್ರ; ಟೇಬಲ್ ಟೆನ್ನಿಸಿನ ಮೇಜು; ಅದರ ಒಂದು ತುದಿಯಲ್ಲಿ ಬ್ರೂಸ್ ಲೀ, ಅವನ ಕೈಯಲ್ಲಿ ಬ್ಯಾಟಿಗೆ ಬದಲಾಗಿ ಎರಡು ಕೋಲುಗಳನ್ನು ಸರಪಳಿಯಿಂದ ಜೋಡಿಸಿದ ನಂಚಾಕು. ಎದುರಾಳಿ ಹೊಡೆದ ಚೆಂಡನ್ನು ಬೀಸುಗೋಲಿನ ತುದಿಯಿಂದ ಆತ ತಪ್ಪದೆ ಹಿಂದಿರುಗಿಸುತ್ತಾನೆ. ಒಬ್ಬನ ಸ್ಥಾನಕ್ಕೆ ಇಬ್ಬರು ಬಂದರೂ ಸೋಲುವುದಿಲ್ಲ. ಇದು 2008ರಲ್ಲಿ, ಎಂದರೆ ಬ್ರೂಸ್ ಲೀ ಕಾಲವಾಗಿ 35 ವರ್ಷಗಳು ಕಳೆದ ಮೇಲೆ, ನೋಕಿಯಾ ಕಂಪನಿಯವರು ಎನ್96 ಎಂಬ ಫೋನನ್ನು ಚೀನಾದಲ್ಲಿ ಮಾರುವುದಕ್ಕಾಗಿ ಮಾಡಿಸಿದ ಜಾಹೀರಾತು. ಆಡಿದವನು ರೂಪಸಾದೃಶ್ಯವುಳ್ಳ ಬೇರೊಬ್ಬ ನಟ; ಚೆಂಡನ್ನು ಕಂಪ್ಯೂಟರಿನಲ್ಲಿ ಆಮೇಲೆ ಸೇರಿಸಿದ್ದು. ಕೋಟ್ಯಂತರ ಜನ ಇದನ್ನು ನಿಜವಾಗಿಯೇ ಕಂಡರು. ಕಂಡದ್ದರಲ್ಲಿ ಬ್ರೂಸ್ ಲೀ ಮಾತ್ರ ಇರಲಿಲ್ಲ.

ಈ ಗಾದೆಗೆ ಅರ್ಥ ಹೇಳುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲೊಂದನ್ನು ಹಿಡಿಯುತ್ತಾರೆ. ವೇದಾಂತದ ಒಲವುಳ್ಳವರು ಹಗ್ಗವನ್ನು ಹಾವೆಂದು ಭ್ರಮಿಸಿದ ದೃಷ್ಟಾಂತವನ್ನು ತಂದು, ಇಂದ್ರಿಯಗಳೆಲ್ಲ ವಂಚಕಗಳೆಂಬ ಸಿದ್ಧಾಂತದ ಕಡೆಗೆ ಅದನ್ನು ಎಳೆದೊಯ್ಯುತ್ತಾರೆ. ಎಮ್ಮೆಯ ವ್ಯಾಪಾರಕ್ಕೂ ಹೆಣ್ಣುಗಂಡಿನ ಸಂಬಂಧಕ್ಕೂ ನೆರೆಹೊರೆಯ ಜಗಳದ ಪಂಚಾಯಿತಿಗೂ ಬಳಕೆಯಾಗುವ ಮಾತಿನಲ್ಲಿ ಜಗನ್ಮಿಥ್ಯೆಯನ್ನು ಹುಡುಕುವವರು ಎಂದೂ ಎಮ್ಮೆ ಕೊಂಡವರಲ್ಲವೆಂದು ತೋರುತ್ತದೆ. ಎರಡನೆಯ ಗುಂಪು ಸಂಶಯವನ್ನೇ ಪಾಂಡಿತ್ಯವೆಂದು ತಿಳಿದವರದು. ಯಾವ ದೊಡ್ಡ ಹೆಸರು ಕಿವಿಗೆ ಬಿದ್ದರೂ ಅದು ಟೊಳ್ಳೆಂದು ಸಾರುವುದೇ ಪ್ರಮಾಣಿಸುವುದೆಂದು ಇವರ ಎಣಿಕೆ. ಇಂಥವರು ಬ್ರೂಸ್ ಲೀ ಬರಿಯ ನಟ, ಕಾದಾಡಿದವನಲ್ಲ ಎಂದು ಒಂದೇ ಉಸಿರಿನಲ್ಲಿ ತಳ್ಳಿಹಾಕುತ್ತಾರೆ. ಕರಾಟೆಯ ಪಂದ್ಯಾವಳಿಗಳಲ್ಲಿ ಆತ ಸ್ಪರ್ಧಿಸಲಿಲ್ಲವೆಂಬುದು ದಿಟ. ಆದರೆ 1958ರಲ್ಲಿ ಹಾಂಗ್‌ಕಾಂಗಿನ ಶಾಲೆಗಳ ನಡುವಣ ಬಾಕ್ಸಿಂಗ್ ಪಂದ್ಯವನ್ನು ಗೆದ್ದವನು ಅವನೇ. ಅದೇ ವರ್ಷ ಆ ಊರಿನ ಚಾ-ಚಾ ನೃತ್ಯಸ್ಪರ್ಧೆಯನ್ನು ಗೆದ್ದವನೂ ಅವನೇ. ಈ ಎರಡನೆಯ ಗೆಲುವನ್ನು ಭಕ್ತರು ನಾಚಿಕೆಯಿಂದ ಮರೆಸುತ್ತಾರೆ, ನಿಂದಕರು ನಗುತ್ತ ಎತ್ತಿಹೇಳುತ್ತಾರೆ. ಅವನ ಪಾದಗಳ ಚಲನೆಯನ್ನು ಗಮನವಿಟ್ಟು ನೋಡಿದವನು ಎರಡನ್ನೂ ಮಾಡಲಾರ.

ನನ್ನ ಮಟ್ಟಿಗೆ ಗಾದೆ ನುಡಿಯುತ್ತಿರುವುದು ಕಂಡವನೊಡನೆ. ಸುದ್ದಿ ಕೇಳಿದವನಿಗೆ ತಾನು ಕೇಳಿದ್ದು ಬರಿಯ ಸುದ್ದಿಯೆಂಬ ಅಳುಕು ಮನಸ್ಸಿನ ಮೂಲೆಯಲ್ಲಿ ಇದ್ದೇ ಇರುತ್ತದೆ. ಕಂಡವನಿಗೆ ಆ ಅಳುಕಿಲ್ಲ. ಆದುದರಿಂದಲೇ ಅವನು ಹೆಚ್ಚು ಅಪಾಯಕಾರಿ. ಅವನಿಗೇ ಹಿರಿಯರು ಎಚ್ಚರಿಕೆ ಹೇಳಿದ್ದು. ಹಾಗೆ ಹೇಳುವಾಗ, ಅಳೆದು ನೋಡಿದರೆ ಕಂಡದ್ದು ಕುಗ್ಗಲೇಬೇಕೆಂದು ಅವರು ಭಾವಿಸಿರಲಾರರು. ಎಷ್ಟೋ ವೇಳೆ ಅದು ಹಿಗ್ಗುತ್ತದೆ.

ಒಂದಂಗುಲದ ಹೊಡೆತವನ್ನೇ ತೆಗೆದುಕೊಳ್ಳೋಣ. 1964ರಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚಿನಲ್ಲಿ, ಎಡ್ ಪಾರ್ಕರ್ ನಡೆಸಿದ ಕರಾಟೆ ಪಂದ್ಯಾವಳಿಯ ವೇದಿಕೆಯ ಮೇಲೆ, ಆತ ಮುಷ್ಟಿಯನ್ನು ಎದುರಿಗಿದ್ದವನ ಎದೆಯಿಂದ ಅಂಗುಲದಷ್ಟೇ ದೂರದಲ್ಲಿ ಹಿಡಿದು, ಕೈಯನ್ನು ಹಿಂದಕ್ಕೆ ಸೆಳೆಯದೆ ಹೊಡೆದನು. ಆ ಮನುಷ್ಯ ಹಿಂದೆ ಇಟ್ಟಿದ್ದ ಕುರ್ಚಿಯಲ್ಲಿ ಹೋಗಿ ಬಿದ್ದನು. ಇದನ್ನು ಮೈಯೊಳಗಣ ಗೂಢಶಕ್ತಿಯ ಪವಾಡವೆಂದು ವರ್ಣಿಸುವವರು ಮುಷ್ಟಿಯನ್ನಷ್ಟೇ ನೋಡಿದ್ದಾರೆ. ಹಿಂಗಾಲಿನ ಹಿಮ್ಮಡಿಯೇಳುವುದನ್ನೂ, ಮೊಣಕಾಲು ನೆಟ್ಟಗಾಗುವುದನ್ನೂ, ಸೊಂಟ ತಿರುಗುವುದನ್ನೂ, ಆ ವೇಗ ಭುಜಕ್ಕೂ ಮೊಣಕೈಗೂ ಏರಿ ಕಟ್ಟಕಡೆಗೆ ಮಣಿಕಟ್ಟಿನಲ್ಲಿ ಪರ್ಯವಸಾನವಾಗುವುದನ್ನೂ ನೋಡಿದವನಿಗೆ, ಇಡೀ ದೇಹ ಒಂದು ಕ್ಷಣದ ಅತ್ಯಲ್ಪ ಭಾಗದಲ್ಲಿ ಒಂದೇ ಕೆಲಸಕ್ಕೆ ಒಪ್ಪಿ ನಿಂತದ್ದು ಕಾಣುತ್ತದೆ. ಪವಾಡವಾಗಿದ್ದರೆ ಅದಕ್ಕೆ ಅಭ್ಯಾಸ ಬೇಕಾಗಿರಲಿಲ್ಲ.

ವೇಗದ ಕಥೆಯೂ ಇಂಥದೇ. 1966–67ರ ‘ಗ್ರೀನ್ ಹಾರ್ನೆಟ್’ ಟೆಲಿವಿಷನ್ ಮಾಲೆಯಲ್ಲಿ ಕಾಟೋ ಎಂಬ ಪಾತ್ರ ವಹಿಸಿದಾಗ, ಚಲನೆಗಳನ್ನು ನಿಧಾನಮಾಡಬೇಕೆಂದು ತನಗೆ ಹೇಳಿದ್ದರೆಂದು ಅವನೇ ತಿಳಿಸಿದ್ದಾನೆ. ಅಷ್ಟರಿಂದಲೇ ಅವನ ಕೈ ಕ್ಯಾಮೆರಾದ ಕಣ್ಣಿಗೂ ಬೀಳುತ್ತಿರಲಿಲ್ಲವೆಂಬ ಪುರಾಣ ಹುಟ್ಟಿತು. ಸೆಕೆಂಡಿಗೆ 24 ಚಿತ್ರಗಳನ್ನು ಹಿಡಿಯುವ ಕ್ಯಾಮೆರಾದಲ್ಲಿ ಪ್ರತಿಯೊಂದು ಚಿತ್ರದ ಮೇಲೂ ಬೆಳಕು ಬೀಳುವುದು ಸುಮಾರು ಸೆಕೆಂಡಿನ 48ನೆಯ ಒಂದು ಭಾಗ ಮಾತ್ರ; ಆ ಅವಧಿಯಲ್ಲಿ ಚುರುಕಾಗಿ ಚಲಿಸುವ ಕೈ ಯಾರದಾದರೂ ಬಣ್ಣದ ಕಲೆಯಾಗಿ ಹರಡಿಕೊಳ್ಳುತ್ತದೆ. ವಿಶೇಷವಿರುವುದು ಬೇರೆ ಕಡೆ. ಸುಮಾರು 5 ಅಡಿ 7½ ಅಂಗುಲ ಎತ್ತರದ, 64 ಕಿಲೋ ಆಸುಪಾಸಿನ ತೂಕದ, ಕನ್ನಡಕವಿಲ್ಲದಿದ್ದರೆ ದೂರದ್ದು ಸ್ಪಷ್ಟವಾಗಿ ಕಾಣದ, ಸೈನ್ಯದ ದೇಹಪರೀಕ್ಷೆಯಲ್ಲಿ ಅನರ್ಹನೆನಿಸಿಕೊಂಡ ಒಬ್ಬ ತರುಣನು, ಯಂತ್ರದ ಮಿತಿಗೆ ತಕ್ಕಂತೆ ತನ್ನ ಹೊಡೆತವನ್ನು ಕತ್ತರಿಸಿ, ಅದು ಪ್ರೇಕ್ಷಕನಿಗೆ ಓದಲು ಬರುವಂತೆ ಮಾಡುವುದನ್ನು ಕಲಿತನೆಂಬುದರಲ್ಲಿ. ಹುಟ್ಟಿದ ವರ್ಷದೊಳಗೇ ತೆರೆಯ ಮೇಲೆ ಬಂದ, ಕ್ಯಾಂಟನೀಸ್ ಸಂಗೀತ ನಾಟಕದ ನಟನೊಬ್ಬನ ಮಗನಿಗೆ ಈ ವಿದ್ಯೆ ಹೊಸದೇನಲ್ಲ.

ಆದರೆ ಗಾದೆಯ ಮೇಲೆ ನಾನು ಬಲ್ಲ ಅತ್ಯುತ್ತಮ ವ್ಯಾಖ್ಯಾನ ಬರೆದವನು ಬ್ರೂಸ್ ಲೀಯೇ, ಬರೆದದ್ದು ತನ್ನ ಮೈಮೇಲೆ. 1964ರ ಕೊನೆಯ ಭಾಗದಲ್ಲಿ, ಓಕ್ಲೆಂಡಿನ ಅವನ ಶಾಲೆಯ ಮುಚ್ಚಿದ ಬಾಗಿಲುಗಳ ಹಿಂದೆ, ವಾಂಗ್ ಜಾಕ್‌ಮನ್ ಎಂಬ ಇನ್ನೊಬ್ಬ ಕುಂಗ್‌ಫು ಪಟುವಿನೊಡನೆ ಅವನಿಗೆ ಕಾಳಗವಾಯಿತು. ಚೀನೀಯರಲ್ಲದವರಿಗೆ ವಿದ್ಯೆ ಕಲಿಸಬಾರದೆಂಬ ಕಟ್ಟಳೆಯೇ ಇದಕ್ಕೆ ಕಾರಣವೆಂದು ಅವನ ಪತ್ನಿ ಲಿಂಡಾ ಹೇಳಿದರೆ, ವಾಂಗನ ಪಕ್ಷದವರು ಅದನ್ನು ಅಲ್ಲಗಳೆದರು. ಮೂರು ನಿಮಿಷಗಳಲ್ಲಿ ಮುಗಿಯಿತೆಂದು ಒಬ್ಬರು, ಇಪ್ಪತ್ತಕ್ಕೂ ಹೆಚ್ಚು ನಿಮಿಷ ನಡೆಯಿತೆಂದು ಇನ್ನೊಬ್ಬರು. ನೋಡಿದವರು ಬೆರಳೆಣಿಕೆಯ ಜನ. ಅವರಲ್ಲೇ ಈ ಭೇದ! ಯಾರು ಗೆದ್ದರೆಂದು ಇಂದಿಗೂ ಕಿತ್ತಾಡುವವರಿಗೆ ಮುಂದಿನ ಸಂಗತಿ ಕಾಣುವುದೇ ಇಲ್ಲ. ಗೆದ್ದೆನೆಂದೇ ನಂಬಿದ್ದ ಬ್ರೂಸ್ ಲೀ ಆ ಗೆಲುವನ್ನು ಅಳೆದು ನೋಡಿದನು: ಕಾಳಗ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಓಡುವ ಎದುರಾಳಿಯನ್ನು ಹಿಡಿಯುವಷ್ಟರಲ್ಲಿ ತನಗೆ ಏದುಸಿರು ಬಂತು, ಇಪ್ ಮ್ಯಾನ್ ಗುರುವಿನ ಸಂಪ್ರದಾಯದಲ್ಲಿ ಕಲಿತ ವಿಂಗ್ ಚುನ್ ಸಮೀಪದ ಹೋರಾಟಕ್ಕೆ ಒದಗಿದಂತೆ ಇದಕ್ಕೆ ಒದಗಲಿಲ್ಲ. ಅಲ್ಲಿಂದ ಅವನು ಓಟವನ್ನು ಹಿಡಿದನು, ಭಾರ ಎತ್ತುವುದನ್ನು ಹಿಡಿದನು, ಪಾಶ್ಚಾತ್ಯ ಬಾಕ್ಸಿಂಗನ್ನೂ ಕತ್ತಿವರಸೆಯನ್ನೂ ಅಭ್ಯಸಿಸಿದನು. 1967ರ ಹೊತ್ತಿಗೆ ತನ್ನ ಮಾರ್ಗಕ್ಕೆ ಜೀತ್ ಕುನೆ ದೋ ಎಂದು ಹೆಸರಿಟ್ಟನು. ಸೋತವನು ತನ್ನನ್ನು ಪರೀಕ್ಷಿಸಿಕೊಳ್ಳುವುದು ಲೋಕರೂಢಿ. ಜಯವನ್ನು ಕಣ್ಣಾರೆ ಕಂಡವನು ಹಾಗೆ ಮಾಡುವುದು ಅಪರೂಪ.

1970ರ ಬೆನ್ನುನೋವಿನ ಪ್ರಸಂಗವನ್ನು 1993ರ ‘ಡ್ರಾಗನ್’ ಎಂಬ ಚಲನಚಿತ್ರ ಕೆಡಿಸಿದ ಬಗೆಯನ್ನು ನಾನು ಸುಲಭವಾಗಿ ಕ್ಷಮಿಸಲಾರೆ. ಚಿತ್ರದಲ್ಲಿ ದುಷ್ಟನೊಬ್ಬ ಹಿಂದಿನಿಂದ ಒದ್ದು ಅವನ ಬೆನ್ನನ್ನು ಮುರಿಯುತ್ತಾನೆ. ನಡೆದದ್ದು ಅದಲ್ಲ. ಒಂದು ದಿನ ಮೈ ಬಿಸಿಮಾಡಿಕೊಳ್ಳದೆ, ಭಾರದ ಸರಳನ್ನು ಹೆಗಲ ಮೇಲಿಟ್ಟುಕೊಂಡು ಸೊಂಟ ಬಾಗಿಸುವ ಕಸರತ್ತು ಮಾಡಿದ್ದರಿಂದ ಸೊಂಟದ ನರಕ್ಕೆ ಪೆಟ್ಟಾಯಿತು. ಇನ್ನು ಕಾಲೆತ್ತಿ ಒದೆಯುವ ಮಾತೇ ಬೇಡವೆಂದರು ವೈದ್ಯರು. ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಆ ಕಾಲದಲ್ಲಿ ಅವನು ನಮ್ಮ ಜಿಡ್ಡು ಕೃಷ್ಣಮೂರ್ತಿಯವರ ಪುಸ್ತಕಗಳನ್ನು ಓದಿದನು, ಟಿಪ್ಪಣಿಗಳನ್ನು ಬರೆದನು. ಸಿದ್ಧಾಂತದ ಮೂಲಕ ಸತ್ಯವನ್ನು ಮುಟ್ಟಲಾಗದೆಂಬ ಕೃಷ್ಣಮೂರ್ತಿಯವರ ವಿಚಾರ ಅವನ ಕೈಯಲ್ಲಿ ಕುಸ್ತಿಯ ಪಟ್ಟುಗಳ ವಿಮರ್ಶೆಯಾಗಿ ರೂಪಾಂತರ ಹೊಂದಿತು. ಮುಂದಿನ ವರ್ಷವೇ, ಭಾರತದಲ್ಲಿ ಸಿಕ್ಕಿಕೊಂಡಿದ್ದ ವಾರ್ನರ್ ಬ್ರದರ್ಸ್ ಸಂಸ್ಥೆಯ ರೂಪಾಯಿಗಳನ್ನು ಖರ್ಚುಮಾಡುವ ನೆಪದಲ್ಲಿ, ‘ಸೈಲೆಂಟ್ ಫ್ಲೂಟ್’ ಎಂಬ ಚಿತ್ರಕ್ಕೆ ಸ್ಥಳ ಹುಡುಕುತ್ತ ನಟ ಜೇಮ್ಸ್ ಕೋಬರ್ನ್ ಮತ್ತು ಲೇಖಕ ಸ್ಟರ್ಲಿಂಗ್ ಸಿಲಿಫಾಂಟರೊಡನೆ ಅವನು ನಮ್ಮ ದೇಶದಲ್ಲಿ ಸುತ್ತಾಡಿದನು. ಚಿತ್ರ ಆಗ ಆಗಲಿಲ್ಲ. ಖಳನ ಒದೆತಕ್ಕಿಂತ ಈ ಹಾಸಿಗೆಯ ಓದು ರಸವತ್ತಾದುದೆಂದು ‘ಡ್ರಾಗನ್’ ತೆಗೆದವರಿಗೆ ಹೊಳೆಯಲಿಲ್ಲ.

ಇನ್ನೊಂದು ಸಂಗತಿಯನ್ನು ನಾವು ಮರೆತಿದ್ದೇವೆ. ‘ಬಿಗ್ ಬಾಸ್’ 1971ರಲ್ಲಿ, ‘ಫಿಸ್ಟ್ ಆಫ್ ಫ್ಯೂರಿ’ 1972ರಲ್ಲಿ ಬಂದು ಹಾಂಗ್‌ಕಾಂಗನ್ನು ಗೆದ್ದವಾದರೂ, ಪೃಥ್ವಿಯ ಬಹುಪಾಲು ಪ್ರೇಕ್ಷಕರು ಅವನನ್ನು ಕಂಡದ್ದು ‘ಎಂಟರ್ ದಿ ಡ್ರಾಗನ್’ ಚಿತ್ರದಲ್ಲಿ. ಅದು ಅಮೆರಿಕದಲ್ಲಿ ತೆರೆಕಂಡದ್ದು 1973ರ ಆಗಸ್ಟಿನಲ್ಲಿ. ಅವನು ಮಡಿದದ್ದು ಜುಲೈ 20ರಂದು. ನಾವು ಪ್ರತ್ಯಕ್ಷ ಕಂಡೆವೆನ್ನುವ ಮನುಷ್ಯ ನಮ್ಮ ಪಾಲಿಗೆ ಒಂದು ದಿನವೂ ಬದುಕಿರಲಿಲ್ಲ. ಹಾಗೆ ತೆರವಾದ ಜಾಗಕ್ಕೆ ಬ್ರೂಸ್ ಲಿ, ಬ್ರೂಸ್ ಲೆ, ಡ್ರಾಗನ್ ಲೀ ಮೊದಲಾದ ಪ್ರತಿರೂಪಗಳು ನುಗ್ಗಿದುವು. 1978ರಲ್ಲಿ, ಅವನು ಅರ್ಧಕ್ಕೆ ಬಿಟ್ಟಿದ್ದ ‘ಗೇಮ್ ಆಫ್ ಡೆತ್’ ಚಿತ್ರಕ್ಕೆ ಬೇರೆಯೇ ಕಥೆ ಹೊಸೆದು, ಬದಲಿ ನಟರಿಂದ ಮುಗಿಸಿದರು. ಅದರ ಒಂದು ದೃಶ್ಯದಲ್ಲಿ ಕನ್ನಡಿಯ ಮುಂದೆ ಕುಳಿತ ಬದಲಿ ನಟನ ಪ್ರತಿಬಿಂಬದ ಮುಖವಿರಬೇಕಾದ ಕಡೆ ಬ್ರೂಸ್ ಲೀಯ ಭಾವಚಿತ್ರವನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದ್ದಾರೆ. ಸಾಲದೆಂಬಂತೆ ಅವನ ಶವಯಾತ್ರೆಯ ನಿಜವಾದ ದೃಶ್ಯಗಳನ್ನೂ ಕಥೆಯೊಳಗೆ ತುರುಕಿದರು. ಕನ್ನಡಿಯ ಆ ಕಾಗದದ ಮುಖವನ್ನು ಕಂಡು ನಗುವವರೇ, ಅದಕ್ಕಿಂತ ಒರಟಾದ ಕಥೆಗಳನ್ನು ಅವನ ಸಾವಿನ ವಿಷಯದಲ್ಲಿ ನುಂಗಿಕೊಂಡಿದ್ದಾರೆ.

ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಇನ್ನೊಂದು ಗಾದೆಯನ್ನು ಈ ಕಥೆಗಾರರು ಗುರಾಣಿಯಂತೆ ಹಿಡಿಯುತ್ತಾರೆ. ಬೆಂಕಿಯೇನೋ ಇತ್ತು. ಸತ್ತ ದಿನದ ಸಂಜೆ ಅವನಿದ್ದದ್ದು ಕೌಲೂನಿನಲ್ಲಿ, ನಟಿ ಬೆಟ್ಟಿ ಟಿಂಗ್ ಪೇಯ ಮನೆಯಲ್ಲಿ. ತಲೆನೋವೆಂದು ಈಕ್ವಾಜೆಸಿಕ್ ಎಂಬ ಮಾತ್ರೆ ನುಂಗಿ ಮಲಗಿದವನು ಮತ್ತೆ ಏಳಲಿಲ್ಲ. ಗೋಲ್ಡನ್ ಹಾರ್ವೆಸ್ಟ್ ಚಿತ್ರಸಂಸ್ಥೆಯ ರೇಮಂಡ್ ಚೌ ಅವರ ಕಡೆಯಿಂದ ಮೊದಲು ಹೊರಬಿದ್ದ ಸುದ್ದಿಯಾದರೋ, ಆತ ತನ್ನ ಮನೆಯ ತೋಟದಲ್ಲಿ ಪತ್ನಿಯೊಡನೆ ಅಡ್ಡಾಡುವಾಗ ಕುಸಿದನೆಂಬುದು. ಪತ್ರಿಕೆಯವರು ಆಂಬುಲೆನ್ಸು ಹೋದ ವಿಳಾಸವನ್ನು ಪತ್ತೆಮಾಡಿದರು, ಸುಳ್ಳು ಬಯಲಾಯಿತು. ಮಾನ ಮುಚ್ಚಲು ಹೇಳಿದ ಆ ಒಂದು ಸುಳ್ಳಿನ ಮರೆಯಲ್ಲಿ ಕೊಲೆಯೇ ಅಡಗಿದೆಯೆಂದು ಜನ ಎಣಿಸಿದರು. ಭೂಗತ ಪಾತಕಿಗಳು, ನಿಂಜಾಗಳು, ಮುಟ್ಟಿದ ಎಷ್ಟೋ ದಿನದ ಮೇಲೆ ಕೊಲ್ಲುವ ಮರ್ಮಸ್ಪರ್ಶ, ಕೌಲೂನಿನ ಅವನ ಸ್ವಂತ ಮನೆಯ ಅಶುಭ ವಾಸ್ತು, ಎಲ್ಲವೂ ಅಲ್ಲಿಂದ ಸಾಲುಗಟ್ಟಿದುವು. ಅದೇ ವರ್ಷದ ಮೇ 10ರಂದು ಸ್ಟುಡಿಯೋದಲ್ಲಿ ಧ್ವನಿಮುದ್ರಣದ ನಡುವೆ ಅವನು ಕುಸಿದುಬಿದ್ದಿದ್ದನೆಂಬುದನ್ನೂ, ಆಗಲೂ ವೈದ್ಯರು ಮಿದುಳಿನ ಊತವನ್ನೇ ಕಂಡಿದ್ದರೆಂಬುದನ್ನೂ ಈ ಕಥೆಗಳು ಜಾಣತನದಿಂದ ಬಿಟ್ಟುಬಿಡುತ್ತವೆ.

ಮಗ ಬ್ರಾಂಡನ್ 1993ರ ಮಾರ್ಚ್ 31ರಂದು ಚಿತ್ರೀಕರಣದಲ್ಲಿ ಗುಂಡು ತಗುಲಿ ಸತ್ತಾಗ ಶಾಪದ ಕಥೆಗೆ ಹೊಸ ಜೀವ ಬಂತು. ಹಿಂದೊಮ್ಮೆ ಬಳಸಿದ ನಕಲಿ ತೋಟೆಯ ಗುಂಡಿನ ತುದಿ ನಳಿಗೆಯಲ್ಲೇ ಸಿಕ್ಕಿಕೊಂಡಿದ್ದು, ಆಮೇಲೆ ಹಾರಿಸಿದ ಖಾಲಿ ತೋಟೆಯ ಸಿಡಿತಕ್ಕೆ ಅದು ಹೊರಚಿಮ್ಮಿತು. ನಳಿಗೆಯನ್ನು ಯಾರೊಬ್ಬರೂ ಇಣಿಕಿ ನೋಡಿರಲಿಲ್ಲ. ಅಜಾಗರೂಕತೆಗೆ ಶಾಪವೆಂಬ ಹೆಸರಿಡುವುದು ತಪ್ಪು ಮಾಡಿದವರಿಗೆ ತುಂಬ ಅನುಕೂಲ.

ತಂದೆಯ ವಿಷಯದಲ್ಲಿ ಹಾಂಗ್‌ಕಾಂಗಿನ ನ್ಯಾಯಾಧಿಕಾರಿಗಳು 1973ರ ಸೆಪ್ಟೆಂಬರಿನಲ್ಲಿ ಬಹಿರಂಗ ವಿಚಾರಣೆ ನಡೆಸಿದರು. ಸುಮಾರು 1,400 ಗ್ರಾಮಿನಷ್ಟು ಇರಬೇಕಾದ ಮಿದುಳು ಊದಿಕೊಂಡು 1,575 ಗ್ರಾಮು ತೂಗಿತ್ತು. ಹೊರಗಿನ ಪೆಟ್ಟಿನ ಗುರುತಿರಲಿಲ್ಲ. ಲಂಡನ್ನಿನ ಪ್ರೊಫೆಸರ್ ಡೊನಾಲ್ಡ್ ಟಿಯರ್ ಮಾತ್ರೆಯೊಳಗಣ ಔಷಧಿ ಅವನ ದೇಹಕ್ಕೆ ಒಗ್ಗಲಿಲ್ಲವೆಂದು ಅಭಿಪ್ರಾಯಪಟ್ಟರು. ಪಂಚರು ಆಕಸ್ಮಿಕದಿಂದಾದ ಮರಣವೆಂದು ತೀರ್ಪಿತ್ತರು. ಊತಕ್ಕೆ ಮೂಲವೇನೆಂಬುದರಲ್ಲಿ ಮಾತ್ರ ತಿಳಿದವರ ಚರ್ಚೆ ಮುಂದುವರಿದಿದೆ: 2018ರಲ್ಲಿ ಅವನ ಚರಿತ್ರಕಾರ ಮ್ಯಾಥ್ಯೂ ಪಾಲಿ ಬಿಸಿಲಾಘಾತವೆಂದು ವಾದಿಸಿದರು, 2022ರಲ್ಲಿ ಮೂತ್ರಪಿಂಡದ ತಜ್ಞರು ದೇಹದಲ್ಲಿ ನೀರು ಹೆಚ್ಚಿ ಸೋಡಿಯಂ ಕುಸಿದದ್ದೆಂದು ಊಹಿಸಿದರು. ಇವರು ತಮ್ಮತಮ್ಮ ಆಧಾರಗಳನ್ನು ಮುಂದಿಟ್ಟು ಮಾತನಾಡುತ್ತಿದ್ದಾರೆ. ಕೊಲೆಯೆಂದವರು ಐವತ್ತು ವರ್ಷ ಕಳೆದರೂ ಪರೀಕ್ಷೆಗೆ ನಿಲ್ಲುವ ಒಂದು ಸಾಕ್ಷ್ಯವನ್ನೂ ತಂದಿಲ್ಲ.