ಗಾಡಿಗೆ ಸಿಕ್ಕ ಜಿಂಕೆ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯು ಮದ್ದೂರಿನ ತನಿಖಾ ಠಾಣೆಯನ್ನು ದಾಟಿದೊಡನೆಯೇ ಬಂಡೀಪುರದ ಕಾಡನ್ನು ಹೊಗುತ್ತದೆ. ಈ ಮದ್ದೂರು ಮಂಡ್ಯದ ಕಡೆಯ ಮದ್ದೂರಲ್ಲ. ಕಾಡಂಚಿನ ಒಂದು ಸಣ್ಣ ಊರು. ಅಲ್ಲಿಂದ ಮೂಲೆಹೊಳೆಯವರೆಗೂ, ಅದರಾಚೆ ಕೇರಳದ ಮುತ್ತಂಗದ ಕಡೆಗೂ, ದಾರಿಯ ಎರಡು ಮಗ್ಗುಲಲ್ಲಿಯೂ ಕಾಡೇ. ಬೇಸಗೆಯಲ್ಲಿ ಕಾಳ್ಗಿಚ್ಚು ದಾರಿಯಿಂದ ಒಳಕ್ಕೆ ಹಬ್ಬದಿರಲೆಂದು ಅರಣ್ಯದವರು ರಸ್ತೆಯ ಅಂಚಿನ ಪೊದೆಯನ್ನೂ ಒಣಹುಲ್ಲನ್ನೂ ಸವರಿ ಸುಟ್ಟಿರುತ್ತಾರೆ. ಹಾಗೆ ಸವರಿದ ಕಡೆ ಮೊದಲ ಮಳೆಗೆ ಎಳೆಯ ಹುಲ್ಲು ಚಿಗುರುತ್ತದೆ; ಆ ಹುಲ್ಲನ್ನು ಮೇಯುವುದಕ್ಕೆ ಜಿಂಕೆಗಳು ಹಿಂಡುಹಿಂಡಾಗಿ ಬರುತ್ತವೆ. ಕಾಡನ್ನು ಕಾಯುವುದಕ್ಕೆಂದು ಮಾಡಿದ ಕೆಲಸವೇ ಕಾಡಿನ ಮೃಗವನ್ನು ದಾರಿಯ ಬಳಿಗೆ ಕರೆತರುತ್ತದೆ.

ಒಬ್ಬ ಗೃಹಸ್ಥನು ತಾಯಿ ಹೆಂಡತಿ ಮಕ್ಕಳೊಡನೆ ಕಲ್ಲಿಕೋಟೆಯ ಕಡೆಯಿಂದ ಮೈಸೂರಿಗೆ ಹಿಂದಿರುಗುತ್ತಿದ್ದಾನೆಂದು ಭಾವಿಸಬಹುದು. ರಾತ್ರಿ ಎಂಟು ಗಂಟೆ ಕಳೆದಿದೆ. ಒಂಬತ್ತರ ಮೇಲೆ ಈ ದಾರಿಯಲ್ಲಿ ಸಂಚಾರವಿಲ್ಲವಾದ್ದರಿಂದ ಅಷ್ಟರೊಳಗೆ ಕಾಡನ್ನು ದಾಟಿಬಿಡಬೇಕೆಂಬ ಆತುರ ಅವನಿಗೆ. ಮೊದಲೊಂದು ಜಿಂಕೆ ಎಡದಿಂದ ಬಲಕ್ಕೆ ನೆಗೆದುಹೋಯಿತು. ಸದ್ಯ, ತಪ್ಪಿತು ಎಂದು ಅವನು ಉಸಿರು ಬಿಡುವಷ್ಟರಲ್ಲಿ ಎರಡನೆಯದು ಗಾಡಿಯ ಮುಂಭಾಗಕ್ಕೆ ಬಡಿದು ಅಂಚಿನ ಹುಲ್ಲಿನಲ್ಲಿ ಬಿದ್ದಿತು. ಗಾಡಿ ಮುಂದೆ ಹೋಗಿ ನಿಂತಿತು. "ಅದಿನ್ನೂ ಬದುಕಿದೆ, ಕಾಲಾಡಿಸ್ತಿದೆ ನೋಡಿ" ಎಂದಳು ಹೆಂಡತಿ. "ಕತ್ತಲಲ್ಲಿ ಇಳೀಬೇಡ ಕಣಪ್ಪ, ಆನೆ ಓಡಾಡೋ ಜಾಗ. ನಡಿ, ಹೋಗೋಣ" ಎಂದರು ತಾಯಿ. ಹಿಂದೆ ಕುಳಿತ ಮಗು, "ಅಪ್ಪಾ, ಅದು ಸತ್ತುಹೋಗುತ್ತಾ?" ಎಂದು ಕೇಳಿತು.

ಆ ಗಾಡಿಯೊಳಗೆ ಹುಟ್ಟಿದ ಪ್ರಶ್ನೆಯು ಸುಲಭವಾದುದಲ್ಲ. ಲೋಕದಲ್ಲಿ ಇದಕ್ಕೆ ಸಿದ್ಧವಾಗಿರುವ ಉತ್ತರಗಳು ಎರಡು. ಅದರ ಹಣೆಯಲ್ಲಿ ಬರೆದಿತ್ತು, ತಾನಾಗಿಯೇ ಬಂದು ಬಿದ್ದಿತು, ಓಡಿಸುವವನು ಏನು ಮಾಡಿಯಾನು ಎಂಬುದು ಒಂದು. ಕೊಂದ ಪಾಪ ಕೊಂದವನಿಗೆ, ತಿಳಿದು ಮಾಡಿದರೇನು ತಿಳಿಯದೆ ಮಾಡಿದರೇನು ಎಂಬುದು ಇನ್ನೊಂದು. ಮೊದಲನೆಯದು ಮನಸ್ಸಿಗೆ ಬೇಗ ಸಮಾಧಾನವನ್ನು ತರುತ್ತದೆ. ಅದೇ ಅದರ ದೋಷ. ಎರಡನೆಯದು ಕೇಳುವುದಕ್ಕೆ ಕಠಿನವಾಗಿದ್ದರೂ ವಿಚಾರಕ್ಕೆ ನಿಲ್ಲುವುದಿಲ್ಲ. ಏಕೆಂದರೆ ಅದನ್ನು ಒಪ್ಪಿದರೆ ಕಾಲಿಟ್ಟ ಕಡೆಯೆಲ್ಲ ಮನುಷ್ಯನು ಪಾಪಿಯಾಗಿ, ಎಚ್ಚರದಿಂದ ಇರುವವನಿಗೂ ಇಲ್ಲದವನಿಗೂ ಭೇದವೇ ಉಳಿಯುವುದಿಲ್ಲ.

ಈ ಭೇದವನ್ನು ಜೈನಾಚಾರ್ಯರಷ್ಟು ಸೂಕ್ಷ್ಮವಾಗಿ ವಿವೇಚಿಸಿದವರು ವಿರಳ. ಉಮಾಸ್ವಾತಿಯು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಗೆ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಲಿಲ್ಲ. ಪ್ರಮಾದದಿಂದ ಆದ ಪ್ರಾಣಹಾನಿ ಎಂದನು. ಇಂದಿನ ಕನ್ನಡದಲ್ಲಿ ಪ್ರಮಾದವೆಂದರೆ ಬರಿಯ ತಪ್ಪು ಎಂದಾಗಿಹೋಗಿದೆ. ಮೂಲದಲ್ಲಿ ಅದರ ಅರ್ಥ ಮೈಮರೆವು, ಎಚ್ಚರಗೇಡಿತನ. ತಪ್ಪಿಗಿಂತ ಹಿಂದಿನ ಸ್ಥಿತಿ. ಕೊಂಡಕುಂದಾಚಾರ್ಯರ ಪ್ರವಚನಸಾರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜೀವಿಯು ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆಯು ನಿಶ್ಚಿತ. ಎಚ್ಚರದಿಂದ ನಡೆಯುವವನಿಗೆ ಬರಿಯ ಪ್ರಾಣಹಾನಿಯಿಂದ ಬಂಧವಿಲ್ಲ ಎಂಬುದು ಅಲ್ಲಿಯ ಅಭಿಪ್ರಾಯ. ಮುಂದೆ ಅಮೃತಚಂದ್ರನೂ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ಎತ್ತಿಹೇಳಿದನು.

ಎಚ್ಚರವೆಂದರೆ ಎಷ್ಟು? ಇದಕ್ಕೂ ಅವರಲ್ಲಿ ಅಳತೆಯುಂಟು. ಈರ್ಯಾಸಮಿತಿಯೆಂಬ ನಿಯಮದಂತೆ ಮುನಿಯು ಹಗಲಿನಲ್ಲಿಯೇ, ಜನ ತುಳಿದ ಹಾದಿಯಲ್ಲಿ, ಒಂದು ನೊಗದಷ್ಟು ಮುಂದಿನ ನೆಲವನ್ನು ನೋಡುತ್ತ ನಡೆಯತಕ್ಕದ್ದು. ನೊಗವೆಂದರೆ ನಾಲ್ಕು ಮೊಳ. ಶ್ರವಣಬೆಳಗೊಳದ ಸುತ್ತಮುತ್ತ ಮುನಿಗಳ ವಿಹಾರವನ್ನು ಕಂಡವರಿಗೆ ಈ ನಡಿಗೆ ಹೊಸದಲ್ಲ. ನಾಲ್ಕು ಮೊಳವೇ ಏಕೆ? ನಡೆಯುವವನು ಅಷ್ಟು ದೂರವನ್ನು ಕಂಡರೆ ಎತ್ತಿದ ಕಾಲನ್ನು ತಡೆಯಬಲ್ಲನು. ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಕಂಡಷ್ಟು ದೂರದೊಳಗೆ ನಿಲ್ಲಬಲ್ಲವನಾಗಿರಬೇಕು ಎಂಬುದೇ ಈ ನಿಯಮದ ತಿರುಳೆಂದು ತೋರುತ್ತದೆ.

ಮೋಟಾರಿಗೂ ನೊಗವುಂಟು, ಅದು ದೀಪದ ಬೆಳಕು. ಎದುರಿನ ಗಾಡಿಗೆ ಕಣ್ಣು ಕುಕ್ಕದಂತೆ ತಗ್ಗಿಸಿದ ದೀಪವು ಸುಮಾರು 40-50 ಮೀಟರಿನಷ್ಟು ದಾರಿಯನ್ನು ಚೆನ್ನಾಗಿ ತೋರಿಸುತ್ತದೆ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿಯು ಸೆಕೆಂಡಿಗೆ 11 ಮೀಟರು ಸಾಗುತ್ತದೆ. ಕಂಡದ್ದನ್ನು ಅರಿತು ಬ್ರೇಕನ್ನು ತುಳಿಯುವುದಕ್ಕೆ ಒಂದು ಸೆಕೆಂಡಾದರೂ ಬೇಕು, ಅನಂತರ ಒಣದಾರಿಯಲ್ಲಿ ನಿಲ್ಲಲು ಇನ್ನೊಂದು 9 ಮೀಟರು, ಒಟ್ಟು 20. ವೇಗವನ್ನು ಇಮ್ಮಡಿಸಿ 80 ಮಾಡಿದರೆ ತುಳಿದ ಮೇಲಿನ ದೂರವು ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ. ಒಟ್ಟು 58 ಮೀಟರಿಗೆ ಮುಟ್ಟುತ್ತದೆ. ಎಂದರೆ 80ರಲ್ಲಿ ಹೋಗುವವನು ತಾನು ಕಾಣದ ನೆಲದ ಮೇಲೆ ಗಾಡಿಯನ್ನು ನುಗ್ಗಿಸುತ್ತಿದ್ದಾನೆ. ಅಲ್ಲಿ ಜಿಂಕೆಯಿಲ್ಲದಿದ್ದರೆ ಅದು ಅವನ ಭಾಗ್ಯವೇ ಹೊರತು ಗುಣವಲ್ಲ.

ಜಿಂಕೆಯ ಕಡೆಯಿಂದಲೂ ಒಂದು ಮಾತನ್ನು ಹೇಳಬೇಕಾಗಿದೆ. ತಾನಾಗಿಯೇ ಬಂದು ಬಿದ್ದಿತು ಎನ್ನುವವರು ಅದರ ಕಣ್ಣನ್ನು ಅರಿತವರಲ್ಲ. ಮಂದವಾದ ಬೆಳಕಿನಲ್ಲಿ ಕಾಣುವುದಕ್ಕಾಗಿ ಅದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಒಂದು ಪೊರೆಯುಂಟು. ದೀಪಕ್ಕೆ ಅದು ಹೊಳೆಯುವುದು ಇದರಿಂದಲೇ. ಕತ್ತಲಲ್ಲಿ ಅರಳಿದ ಆ ಕಣ್ಣಿಗೆ ಮೋಟಾರಿನ ಬೆಳಕು ಒಮ್ಮೆಲೆ ಹೊಕ್ಕರೆ ಅದಕ್ಕೆ ದಾರಿ ತೋರದು. ಎಷ್ಟೋ ವೇಳೆ ನಿಂತಲ್ಲಿಯೇ ನಿಂತುಬಿಡುತ್ತದೆ. ಮೇಲಾಗಿ ಜಿಂಕೆಯು ಹಿಂಡಿನ ಪ್ರಾಣಿ. ಮುಂದಿನದು ಹಾರಿದರೆ ಹಿಂದಿನದಕ್ಕೆ ಹಾರದೆ ನಿಲ್ಲುವುದು ಕಷ್ಟ. ಆ ಗೃಹಸ್ಥನು ಮೊದಲನೆಯದನ್ನು ಕಂಡು ಉಸಿರು ಬಿಟ್ಟನಲ್ಲ, ಅಲ್ಲಿಯೇ ಅವನು ಬ್ರೇಕನ್ನು ತುಳಿಯಬೇಕಾಗಿತ್ತು.

ಹೀಗೆ ನೋಡಿದರೆ ತಪ್ಪು ನಡೆದದ್ದು ಗಾಡಿಯು ತಾಕಿದ ಕ್ಷಣದಲ್ಲಲ್ಲ. ಅದಕ್ಕೆ ಮುಂಚೆ, ಮೂಲೆಹೊಳೆಯನ್ನು ಬಿಡುವಾಗ ಗಡಿಯಾರವನ್ನು ನೋಡಿ ವೇಗವನ್ನು ಗೊತ್ತುಮಾಡಿಕೊಂಡನಲ್ಲ, ಆಗ. ಆದುದರಿಂದಲೇ ಆ ಕೊನೆಯ ಕ್ಷಣದಲ್ಲಿ ದಯೆಯನ್ನು ತೋರಿಸಹೊರಟು ಗಾಡಿಯನ್ನು ಸರ್ರನೆ ಪಕ್ಕಕ್ಕೆ ತಿರುಗಿಸುವುದು ವಿವೇಕವಲ್ಲ. ಎದುರಿಗೆ ಬರುತ್ತಿರುವ ಬೈಸಿಕಲ್ಲಿನವನೋ, ದಾರಿಯಂಚಿನ ಮರವೋ, ಹಿಂದೆ ಮಲಗಿರುವ ಮಗುವೋ ಆ ದಯೆಗೆ ಬಲಿಯಾಗಬಹುದು. ನೇರವಾಗಿ ಹಿಡಿದು ಬ್ರೇಕನ್ನು ಒತ್ತುವುದೊಂದೇ ಆಗ ಉಳಿದಿರುವುದು. ಜಿಂಕೆಯ ಪ್ರಾಣ ಅಗ್ಗವೆಂದು ಇದರ ತಾತ್ಪರ್ಯವಲ್ಲ. ದಯೆಯ ಹೊತ್ತು ಅಷ್ಟರಲ್ಲಿ ಕಳೆದಿರುತ್ತದೆ.

ಇಲ್ಲಿ ಒಂದು ತೊಡಕು ಏಳುತ್ತದೆ. ಅದೇ ರಾತ್ರಿ ಅದೇ ವೇಗದಲ್ಲಿ ಬಂದ ಇನ್ನೊಬ್ಬನಿಗೆ ಯಾವ ಜಿಂಕೆಯೂ ಅಡ್ಡಬರಲಿಲ್ಲ. ಅವನು ಮನೆಗೆ ಹೋಗಿ ಉಂಡು ಮಲಗಿದನು. ಆಚಾರ್ಯರ ಮಾತಿನಂತೆ ಇಬ್ಬರ ದೋಷವೂ ಸಮ. ಬುದ್ಧಿಯು ಇದನ್ನು ಒಪ್ಪುತ್ತದೆ, ಮನಸ್ಸು ಒಪ್ಪುವುದಿಲ್ಲ. ಇಂಗ್ಲೆಂಡಿನ ತತ್ತ್ವಜ್ಞನಾದ ಬರ್ನಾರ್ಡ್ ವಿಲಿಯಮ್ಸನು 1976ರಲ್ಲಿ ಇದೇ ವಿಚಾರವನ್ನು ಲಾರಿಯವನೊಬ್ಬನ ನಿದರ್ಶನದಿಂದ ಚರ್ಚಿಸಿದನು. ತನ್ನ ತಪ್ಪೇನೂ ಇಲ್ಲದೆ ಒಂದು ಮಗುವನ್ನು ಹಾಯಿಸಿದ ಚಾಲಕನಿಗೆ ಆಗುವ ದುಃಖವು ಪಕ್ಕದಲ್ಲಿ ನಿಂತು ನೋಡಿದವನ ದುಃಖದಂಥದಲ್ಲ. ಇತರರು ಅವನನ್ನು ಸಮಾಧಾನಪಡಿಸಬೇಕಾದುದು ನ್ಯಾಯವೇ. ಆದರೆ ಅವನು ಅತಿ ಬೇಗನೆ ಸಮಾಧಾನಗೊಂಡುಬಿಟ್ಟರೆ ಅವರಿಗೇ ಅವನ ವಿಷಯದಲ್ಲಿ ಏನೋ ಸಂಶಯ ಹುಟ್ಟುತ್ತದೆ. ಕೈಯಿಂದ ಆದ ಕಾರ್ಯವು, ಬಯಸಿ ಮಾಡಿದುದಲ್ಲವಾದರೂ, ತನ್ನದೇ. ಆದಕಾರಣ ಇಬ್ಬರು ಚಾಲಕರ ದೋಷ ಸಮವಾಗಿದ್ದರೂ ಕರ್ತವ್ಯ ಸಮವಲ್ಲ. ಜಿಂಕೆಯನ್ನು ಕೆಡವಿದವನಿಗೆ ಮಾಡತಕ್ಕ ಕೆಲಸವೊಂದು ಮಿಕ್ಕಿದೆ, ಇನ್ನೊಬ್ಬನಿಗೆ ಅದಿಲ್ಲ.

ಆ ಕೆಲಸ ಯಾವುದೆಂಬುದು ರಾಮಾಯಣವನ್ನು ಓದಿದ ಮನೆಗಳಲ್ಲಿ ತಿಳಿಯದುದಲ್ಲ. ಯೌವನದಲ್ಲಿ ದಶರಥನಿಗೆ ಶಬ್ದವೇಧಿಯೆಂಬ ಹೆಮ್ಮೆಯಿತ್ತು. ಎಂದರೆ ಕಾಣದುದಕ್ಕೆ ಗುರಿಯಿಡಬಲ್ಲನೆಂಬ ಹೆಮ್ಮೆ. ಮಳೆಗಾಲದ ರಾತ್ರಿ ಸರಯೂತೀರದಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣವನ್ನು ಬಿಟ್ಟನು. ಕೇಳಿಬಂದುದು ಮನುಷ್ಯನ ಕೂಗು. ಬೆಳಕಿಗಿಂತ ಮುಂದೆ ಓಡುವ ಗಾಡಿಗೂ ಆ ಬಾಣಕ್ಕೂ ಹೆಚ್ಚಿನ ಅಂತರವಿಲ್ಲ. ಆದರೆ ದಶರಥನು ಅಲ್ಲಿಂದ ಓಡಿಹೋಗಲಿಲ್ಲ. ಕತ್ತಲೆ, ಕಂಡವರಿಲ್ಲ, ತಂದೆತಾಯಿಗಳು ಕುರುಡರು. ಆದರೂ ಅವನು ಬಿದ್ದವನ ಬಳಿಗೆ ಹೋದನು, ಬಾಣವನ್ನು ಕಿತ್ತನು, ಕೊಡವನ್ನು ತುಂಬಿಕೊಂಡು ಆ ಮುದುಕರ ಮುಂದೆ ನಿಂತು ತನ್ನ ಕೈಯಿಂದ ಆದುದನ್ನು ತಾನೇ ಹೇಳಿದನು. ನೀನೇ ಬಂದು ಹೇಳದಿದ್ದರೆ ನಿನ್ನ ತಲೆ ಶತಸಹಸ್ರ ಹೋಳಾಗುತ್ತಿತ್ತು ಎಂದು ಆ ತಂದೆಯು ನುಡಿದನೆಂದು ವಾಲ್ಮೀಕಿಯಲ್ಲಿದೆ. ತಿಳಿಯದೆ ಮಾಡಿದನೆಂಬುದನ್ನು ಅವನು ಒಪ್ಪಿದನು. ಶಾಪವನ್ನು ಮಾತ್ರ ಬಿಡಲಿಲ್ಲ. ಹೇಳಿದುದರಿಂದ ದಶರಥನು ಪುತ್ರಶೋಕವನ್ನು ತಪ್ಪಿಸಿಕೊಳ್ಳಲಿಲ್ಲವೆಂಬುದನ್ನು ಮರೆಯಲಾಗದು.

ಇಂದಿನ ಗೃಹಸ್ಥನಿಗೆ ಹೇಳುವುದಕ್ಕೆ ಅಡ್ಡಬರುವುದು ಶಾಪವಲ್ಲ, ಕಾನೂನಿನ ಭಯ. ವನ್ಯಜೀವಿಯನ್ನು ಕೊಂದನೆಂದು ಮೊಕದ್ದಮೆ ಹೂಡಿದರೆ? ಗಾಡಿಯನ್ನು ಹಿಡಿದಿಟ್ಟುಕೊಂಡರೆ? ಈ ಭಯ ನಿರಾಧಾರವೆನ್ನಲಾಗದು. ಅಪರಾಧಕ್ಕೆ ಬಳಸಿದ ವಾಹನವನ್ನು ವಶಪಡಿಸಿಕೊಳ್ಳುವ ಅಧಿಕಾರ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಉಂಟು. ಆದರೆ ಅದೇ ಕಾಯಿದೆಯ 39ನೆಯ ಪ್ರಕರಣವು ತಪ್ಪಿನಿಂದ ಕೊಲ್ಲಲ್ಪಟ್ಟ ಮೃಗವೆಂಬುದನ್ನೂ ಹೆಸರಿಸಿ ಹೇಳುತ್ತದೆ. ಅಂಥ ಮೃಗವು ಸರಕಾರದ ಸ್ವತ್ತು. ಅದು ಯಾರ ವಶಕ್ಕೆ ಬಂದಿತೋ ಅವರು 48 ಗಂಟೆಗಳೊಳಗೆ ತಿಳಿಸತಕ್ಕದ್ದು. ಸತ್ತದ್ದು ಹೇಗಾದರೂ ಸತ್ತಿತು, ಬಿಟ್ಟುಹೋಗುವುದೇಕೆ ಎಂದು ಗಾಡಿಗೆ ಹಾಕಿಕೊಂಡು ಹೋಗಿ ಅಡಿಗೆಮಾಡುವವರೂ ಲೋಕದಲ್ಲಿದ್ದಾರೆ. ಅವರ ಮಟ್ಟಿಗೆ ಆಕಸ್ಮಿಕವೆಂಬ ಮಾತು ಅಲ್ಲಿಗೆ ಮುಗಿಯಿತು.

ಇಳಿದು ಉಪಚರಿಸುವ ವಿಷಯದಲ್ಲಿ ಆ ತಾಯಿಯ ಮಾತು ಸರಿಯಾದುದೇ. ಕಾಡಿನ ನಡುವೆ ರಾತ್ರಿ ಇಳಿಯುವುದು ಅಪಾಯ. ಬಂಡೀಪುರದಲ್ಲಿ ಅದಕ್ಕೆ ಅನುಮತಿಯೂ ಇಲ್ಲ. ಗಾಯಗೊಂಡ ಜಿಂಕೆಗೆ ಮನುಷ್ಯನ ಕೈ ತಾಕುವುದೇ ಒಂದು ಪೆಟ್ಟು. ಹಿಡಿದರೆ ಒದ್ದಾಡುತ್ತದೆ, ಆ ಭೀತಿಯಿಂದಲೇ ಜಿಂಕೆಗಳು ಸಾಯುವುದುಂಟು. ಮಗುವನ್ನು ಎತ್ತಿಕೊಂಡಂತೆ ಅದನ್ನು ಎತ್ತಿ ಗಾಡಿಯ ಹಿಂದೆ ಮಲಗಿಸಿ ತರುವುದು ಒಳ್ಳೆಯ ಮನಸ್ಸಿನ ಕೆಟ್ಟ ಉಪಾಯ.

ಹಾಗಾದರೆ ನರಳುವುದನ್ನು ಕೊಂದೇ ಬಿಡುವುದು ಕರುಣೆಯಲ್ಲವೆ? 1928ರಲ್ಲಿ ಸಾಬರಮತಿಯ ಆಶ್ರಮದಲ್ಲಿ ಗುಣವಾಗದ ಬೇನೆಯಿಂದ ಒದ್ದಾಡುತ್ತಿದ್ದ ಒಂದು ಕರುವಿಗೆ ಸೂಜಿಮದ್ದು ಕೊಡಿಸಿ ಪ್ರಾಣವನ್ನು ತೆಗೆಸಲು ಗಾಂಧಿಯವರು ಒಪ್ಪಿದರು. ಅದನ್ನು ಬಹಿರಂಗವಾಗಿ ಬರೆದೂ ಬರೆದರು. ಜೈನರೂ ಸೇರಿದಂತೆ ಅನೇಕರು ಅವರ ಮೇಲೆ ಕೋಪಗೊಂಡರು. ಯಾರ ಪಕ್ಷ ಸರಿಯೆಂಬುದು ಇನ್ನೂ ತೀರದ ಚರ್ಚೆ. ಆದರೆ ಅಲ್ಲಿ ಇನ್ನು ಉಪಾಯವಿಲ್ಲವೆಂದು ಹೇಳಲು ಬಲ್ಲ ವೈದ್ಯರಿದ್ದರು. ದಿನಗಟ್ಟಲೆ ಮಾಡಿದ ಶುಶ್ರೂಷೆಯಿತ್ತು. ದಾರಿಯಲ್ಲಿ ನಿಂತವನಿಗೆ ಅದರ ಕಾಲು ಮುರಿದಿದೆಯೋ ಬೆನ್ನು ಮುರಿದಿದೆಯೋ ತಿಳಿಯದು. ತನ್ನ ಕಣ್ಣಿಗೆ ಸಹಿಸದುದನ್ನು ಮುಗಿಸುವ ಆತುರಕ್ಕೆ ಕರುಣೆಯ ಹೆಸರು ಸುಲಭವಾಗಿ ಒದಗುತ್ತದೆ. ಅದನ್ನು ತೀರ್ಮಾನಿಸತಕ್ಕವರು ಅರಣ್ಯ ಇಲಾಖೆಯ ಪಶುವೈದ್ಯರು. ಅವರಿಗೆ ಸುದ್ದಿ ಮುಟ್ಟಬೇಕಾದರೆ ಒಬ್ಬನು ಹೇಳಬೇಕು.

ಒಬ್ಬೊಬ್ಬನ ಎಚ್ಚರವನ್ನೇ ನಂಬಿದರೆ ಸಾಲದೆಂದು ಕಂಡುದರಿಂದಲೇ ಚಾಮರಾಜನಗರದ ಜಿಲ್ಲಾಡಳಿತವು 2009ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವನ್ನು ನಿಲ್ಲಿಸಿತು. 2010ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ವಯನಾಡಿನ ಜನರಿಗೆ ಇದರಿಂದ ಆದ ತೊಂದರೆ ಸುಳ್ಳಲ್ಲ. 2019ರಲ್ಲಿ ಅವರು ದೊಡ್ಡದಾಗಿಯೇ ಪ್ರತಿಭಟಿಸಿದರು. ಸುತ್ತುದಾರಿಯಿಂದ ಹೋಗುವ ತರಕಾರಿ ಲಾರಿಯವನಿಗೆ ಹೊತ್ತೂ ಹಣವೂ ಹೆಚ್ಚಾಗಿ ಬೇಕು. ಒಂದು ಜಿಲ್ಲೆಯ ಜನರ ಅನನುಕೂಲವನ್ನೂ ಕಾಡಿನ ಜೀವಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟವಾದರೂ, ಒಂಬತ್ತು ಗಂಟೆಗಳಷ್ಟಾದರೂ ಆ ನೆಲವನ್ನು ಅದರ ನಿವಾಸಿಗಳಿಗೆ ಬಿಟ್ಟುಕೊಡುವುದು ಹೆಚ್ಚಲ್ಲವೆಂದೇ ಹೇಳಬೇಕಾಗುತ್ತದೆ. ಆದರೆ ಮುಸ್ಸಂಜೆಯಿಂದ ಒಂಬತ್ತರವರೆಗೆ ದಾರಿ ತೆರೆದೇ ಇರುತ್ತದೆ. ಜಿಂಕೆಗಳು ಮೇವಿಗೆ ಹೊರಡುವುದು ಆಗಲೇ. ಕದ ಹಾಕುವುದರೊಳಗೆ ದಾಟಬೇಕೆಂದು ಗಾಡಿಗಳು ಧಾವಿಸುವುದೂ ಆಗಲೇ. ಆ ಎರಡು ಮೂರು ಗಂಟೆಗಳ ಕಾಲ ಕಾನೂನು ಕಣ್ಣು ಮುಚ್ಚಿರುತ್ತದೆ. ಓಡಿಸುವವನ ಕಣ್ಣೊಂದೇ ಗತಿ.

ಆ ಗೃಹಸ್ಥನು ಇಳಿಯಲಿಲ್ಲ. ದಾರಿಯ ಪಕ್ಕದ ಕಿಲೋಮೀಟರು ಕಲ್ಲನ್ನು ನೋಡಿಕೊಂಡು ಮೆಲ್ಲನೆ ಹೊರಟನು. ಹುಲ್ಲಿನಾಚೆ ಹಿಂಡಿನ ಉಳಿದ ಜಿಂಕೆಗಳ ಕಣ್ಣುಗಳು ಹೊಳೆಯುತ್ತಿದ್ದವು. ಮದ್ದೂರಿನ ಠಾಣೆಗೆ ಬಂದಾಗ ಒಂಬತ್ತಕ್ಕೆ ಐದು ನಿಮಿಷ. ಹಿಂದಿನ ಗಾಡಿಗಳವರು ಹಾರನ್ನು ಒತ್ತುತ್ತಿದ್ದರು. ಕಾವಲಿನವನು ಮುಂದೆ ಹೋಗುವಂತೆ ಕೈಬೀಸಿದನು. ಅವನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಕನ್ನಡಿಯನ್ನು ಇಳಿಸಿ, ಹಿಂದೆ ಒಂದು ಜಿಂಕೆ ಬಿದ್ದಿದೆ, ಇನ್ನೂ ಜೀವವಿದೆ, ತನ್ನ ಗಾಡಿಯೇ ತಾಕಿದ್ದು ಎಂದು ಹೇಳಿದನು. ಕಾವಲಿನವನು ಗಾಡಿಯ ಮುಂಭಾಗವನ್ನು ಒಮ್ಮೆ ನೋಡಿ, ಪುಸ್ತಕವನ್ನು ತೆಗೆದುಕೊಂಡು, ಎಷ್ಟನೆಯ ಕಲ್ಲಿನ ಬಳಿ ಎಂದು ಕೇಳಿದನು.