ವಾಪಸು ಟಿಕೆಟ್ ಇರುವವರ ಸ್ನೇಹ

(ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸಂಜೆಯ ನಡಿಗೆ. ತತ್ವಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಜಾರ್ಜಿಯಾ ದೇಶ ಸುತ್ತಿ ಬಂದ ಅವರ ಹಳೆಯ ಶಿಷ್ಯೆ.)

ಮೇಷ್ಟ್ರು: ಅಲ್ಲಿಯವರು ಸ್ನೇಹಿತರಾದರು ಅಂದೆಯಲ್ಲಮ್ಮ, ಆ ಮಾತನ್ನು ಸ್ವಲ್ಪ ವಿಚಾರಿಸೋಣ. ನೀನು ಇದ್ದದ್ದು ದುಡ್ಡು ಕೊಟ್ಟು ಹಿಡಿದ ಕೋಣೆಯಲ್ಲಿ. ನೀನು ಬಿಟ್ಟ ಮಾರನೆಯ ದಿನ ಇನ್ಯಾರೋ ಬಂದಿರ್ತಾರೆ. ಅವರಿಗೂ ಅದೇ ನಗು, ಅದೇ ಊಟ. ಇದರಲ್ಲಿ ಸ್ನೇಹ ಎಲ್ಲಿ ಬಂತು?

ಶಿಷ್ಯೆ: ಮೊದಮೊದಲು ನನಗೂ ಹಾಗೇ ಅನ್ನಿಸ್ತಿತ್ತು ಮೇಷ್ಟ್ರೇ. ನಾನಿದ್ದದ್ದು ಕಾಖೇತಿಯಲ್ಲಿ, ಅದು ಆ ದೇಶದ ದ್ರಾಕ್ಷಿ ಸೀಮೆ. ಅತಿಥಿಯನ್ನು ದೇವರೇ ಕಳಿಸಿದ ಅಂತ ನಂಬುವ ಜನ. ಅಕ್ರೋಟು ಅರೆದು ಸವರಿದ ಬದನೆಕಾಯಿ, ಚೀಸ್ ತುಂಬಿದ ಖಾಚಪುರಿ, ಹುರುಳಿಕಾಯಿ ಬೀಜ ಬೇಯಿಸಿದ ಲೋಬಿಯೊ, ಮೇಜಿನ ಮೇಲೆ ಜಾಗ ಸಾಲದೆ ತಟ್ಟೆಯ ಮೇಲೆ ತಟ್ಟೆ ಇಡ್ತಾರೆ. ಆದರೆ ಎದ್ದು ಒಂದು ಲೋಟ ತೊಳೆಯೋಕೆ ಹೋದರೆ ಬಿಡುತ್ತಿರಲಿಲ್ಲ.

ಮೇಷ್ಟ್ರು: ದೇವರು ಮಾಡಿ ಕೂರಿಸಿದ ಮೇಲೆ ನೈವೇದ್ಯ ಸಿಗುತ್ತೆ, ಸ್ನೇಹ ಸಿಗೋದಿಲ್ಲ. ನಮ್ಮ ಮನೆಗಳಲ್ಲೂ ಅಷ್ಟೇ ಅಲ್ಲವಾ? ಅರಿಸ್ಟಾಟಲ್ ಸ್ನೇಹದಲ್ಲಿ ಮೂರು ಬಗೆ ಹೇಳ್ತಾನೆ. ಪ್ರಯೋಜನಕ್ಕಾಗಿ, ಸಂತೋಷಕ್ಕಾಗಿ, ಆ ವ್ಯಕ್ತಿಯ ಗುಣಕ್ಕಾಗಿ. ಪ್ರವಾಸದಲ್ಲಿ ಮೊದಲೆರಡು ಧಾರಾಳವಾಗಿ ಸಿಗುತ್ತವೆ. ಮೂರನೆಯದಕ್ಕೆ ಕಾಲ ಬೇಕು, ಜೊತೆಯಲ್ಲಿ ಉಪ್ಪುಂಡು ಬಾಳಿರಬೇಕು. ನಿನ್ನ ಹತ್ತಿರ ಅಷ್ಟು ಕಾಲ ಎಲ್ಲಿತ್ತು?

ಶಿಷ್ಯೆ: ಕಾಲ ಇರಲಿಲ್ಲ, ಕೆಲಸ ಇತ್ತು. ದ್ರಾಕ್ಷಿ ಕೊಯ್ಲಿನ ದಿನಗಳು, ರ್ತ್ವೇಲಿ ಅಂತಾರೆ. ಆಳು ಸಾಲದೆ ಒಂದು ಬೆಳಿಗ್ಗೆ ನನ್ನ ಕೈಗೂ ಕತ್ತರಿ, ಬಕೆಟ್ ಕೊಟ್ಟರು. ಗೊಂಚಲನ್ನು ಎಡಗೈಯಲ್ಲಿ ಹಿಡಿದು ತೊಟ್ಟು ಕತ್ತರಿಸಬೇಕು, ಎಲೆ ಸೇರಬಾರದು. ಮನೆಯ ಅಜ್ಜಿ ಸಾಲಿನ ತುದಿಯಲ್ಲಿ ನಿಂತು ಒಬ್ಬೊಬ್ಬರ ಬಕೆಟ್‌ಗೂ ಕೈ ಹಾಕಿ ನೋಡ್ತಿದ್ದರು. ನನ್ನದರಿಂದ ಒಂದು ಹಿಡಿ ಎಲೆ ತೆಗೆದು, ಮುಖದ ಮುಂದೆ ಹಿಡಿದು, ತಮ್ಮ ಮೊಮ್ಮಕ್ಕಳನ್ನು ಬೈದ ದನಿಯಲ್ಲೇ ನನ್ನನ್ನೂ ಬೈದರು. ಅಂದು ರಾತ್ರಿ ಪಾತ್ರೆ ತೊಳೆಯೋಕೆ ಹೋದಾಗ ಯಾರೂ ತಡೆಯಲಿಲ್ಲ.

ಮೇಷ್ಟ್ರು: ಇದು ಒಪ್ಪುವಂಥದ್ದು. ಅತಿಥಿಯನ್ನು ಯಾರೂ ಬೈಯೋದಿಲ್ಲ.

ಶಿಷ್ಯೆ: ಅದೇ ರಾತ್ರಿ ಸುಪ್ರಾ, ಅಂದರೆ ಅವರ ಔತಣ. ಅದನ್ನು ನಡೆಸುವವನು ತಮಾದ. ಅವನು ಎದ್ದು ಒಂದೊಂದಾಗಿ ಹಾರೈಕೆ ಹೇಳಬೇಕು: ಶಾಂತಿಗೆ, ನಾಡಿಗೆ, ತೀರಿಹೋದವರಿಗೆ, ಮಕ್ಕಳಿಗೆ. ಪ್ರತಿ ಹಾರೈಕೆಗೂ ಒಂದು ಗುಟುಕು ವೈನ್. ನೆಲದಲ್ಲಿ ಹೂತ ಕ್ವೆವ್ರಿ ಎಂಬ ಮಣ್ಣಿನ ಹರವಿಯಲ್ಲಿ ಮಾಡುವ ವೈನ್ ಅದು. ಆ ವಿಧಾನವನ್ನು 2013ರಲ್ಲಿ ಯುನೆಸ್ಕೊ ಪಾರಂಪರಿಕ ಪಟ್ಟಿಗೆ ಸೇರಿಸಿತು. ತಮಾದ ತಾನೊಬ್ಬನೇ ಮಾತಾಡಿ ಮುಗಿಸೋದಿಲ್ಲ, ಅಲಾವೆರ್ಡಿ ಅಂತ ಹೇಳಿ ಇನ್ನೊಬ್ಬರಿಗೆ ಮಾತು ದಾಟಿಸ್ತಾನೆ. ತೀರಿಹೋದವರ ಹಾರೈಕೆ ನನಗೆ ಬಂತು. ನಮ್ಮಜ್ಜಿಯ ಬಗ್ಗೆ ಹೇಳಿದೆ, ಮನೆಯ ಮಗಳು ಅವರ ಭಾಷೆಗೆ ತಿರುಗಿಸಿದಳು. ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ನಾವು ಸಮಾಧಿಯ ಮೇಲೆ ವೈನ್ ಸುರೀತೀವಿ, ನೀವೇನು ಮಾಡ್ತೀರಿ? ತಿಥಿಯ ಅಡುಗೆ, ಎಡೆ, ಕಾಗೆ ಬಂದು ಮುಟ್ಟಲಿ ಅಂತ ಕಾಯೋದು, ಎಲ್ಲ ಹೇಳಿದೆ. ಕಾಗೆ ಬರದಿದ್ದರೆ? ಅಂತ ಅಜ್ಜಿ ಕೇಳಿದರು. ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ ಲೆಕ್ಕ ಅಂದೆ. ಅವರಿಗೆ ಅದು ಥಟ್ಟನೆ ಅರ್ಥವಾಯಿತು.

ಮೇಷ್ಟ್ರು: ಚೆನ್ನಾಗಿದೆ. ಆದರೂ ನನ್ನ ಮುಖ್ಯ ತಕರಾರು ಹಾಗೇ ಇದೆ. ಟಾಂಜಿಯರ್‌ನ ಇಬ್ನ್ ಬತೂತ 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ, ಗೊತ್ತಲ್ಲ. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಆಶ್ರಯದಲ್ಲಿ 11 ತಿಂಗಳು ರೊಟ್ಟಿಯ ಮುಖ ನೋಡದೆ ಅನ್ನ ಉಂಡೆ ಅಂತ ತಾನೇ ಬರೆಸಿದ್ದಾನೆ. ಊಟವಷ್ಟೇ ಅಲ್ಲ, ಸುಲ್ತಾನ 52 ಹಡಗು ಕಟ್ಟಿಕೊಂಡು ಗೋವೆಯ ಮೇಲೆ ಹೋದಾಗ ಇವನೂ ಜೊತೆಗೆ ಹೋದ. ಕೊನೆಗೆ ಶತ್ರು ತಿರುಗಿ ಮುತ್ತಿಗೆ ಹಾಕಿದಾಗ ಏನು ಮಾಡಿದ? ಪರಿಸ್ಥಿತಿ ಬಿಗಡಾಯಿಸಿತು ಅಂತ ಕಲ್ಲಿಕೋಟೆಗೆ ಹೊರಟುಬಿಟ್ಟ. ಉಪ್ಪುಂಡವನು, ಜೊತೆಗೆ ಕಾದಿದವನು, ಅವನೂ ಹೊರಟ. ಪ್ರವಾಸಿ ಅಂದರೆ ಹೊರಟುಹೋಗಬಲ್ಲವನು. ಸ್ಥಳೀಯರಿಗೆ ಆ ಅನುಕೂಲ ಇಲ್ಲ. ಈ ಅಸಮಾನತೆ ಇರುವಲ್ಲಿ ಸ್ನೇಹ ಹೇಗೆ ನಿಲ್ಲುತ್ತೆ?

ಶಿಷ್ಯೆ: ಅದು ನನ್ನನ್ನೂ ಕಾಡಿದೆ. ಆ ಮನೆಯ ಸೊಸೆಯ ತವರು ಗೋರಿ ಪಟ್ಟಣ. 2008ರ ಆಗಸ್ಟಿನಲ್ಲಿ ರಷ್ಯಾದ ವಿಮಾನಗಳು ಬಾಂಬು ಹಾಕಿದ ಊರು. ಒಂದು ಸಂಜೆ ಆಕೆ ನೇರವಾಗಿ ಕೇಳಿದಳು, ನಿಮ್ಮ ದೇಶ ರಷ್ಯಾದ ಗೆಳೆಯ ಅಲ್ಲವಾ ಅಂತ. ಪ್ರವಾಸಿಗಳು ಇಂಥ ಕಡೆ ಮಾತು ಮರೆಸ್ತಾರೆ, ನಾನು ಮರೆಸಲಿಲ್ಲ. ನಮ್ಮಪ್ಪನ ಕಪಾಟಿನ ತುಂಬ ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳಿದ್ದವು, ನಾನು ಅವನ್ನೇ ಓದಿ ಬೆಳೆದೆ, ಆ ಪ್ರೀತಿ ಸುಳ್ಳಲ್ಲ ಅಂದೆ. ಆಕೆಗೆ ಸಿಟ್ಟು ಬಂತು. ನಿಮಗೆ ಪುಸ್ತಕ ಬಂತು, ನಮಗೆ ಟ್ಯಾಂಕು ಬಂತು ಅಂದಳು. ವಾದ ರಾತ್ರಿಯವರೆಗೂ ನಡೆಯಿತು, ಮುಗಿಯಲಿಲ್ಲ. ಬೆಳಿಗ್ಗೆ ಆಕೆಯೇ ಚಹಾ ತಂದು ಪಕ್ಕದಲ್ಲಿ ಕೂತಳು. ಒಪ್ಪಿಗೆಯಿಲ್ಲದೆಯೂ ಒಟ್ಟಿಗೆ ಕೂತೆವಲ್ಲ, ಅದನ್ನು ಬೇರೆ ಏನಂತ ಕರೆಯಲಿ?

ಮೇಷ್ಟ್ರು: ಅದಕ್ಕೆ ಸ್ನೇಹದ ಆರಂಭ ಅಂತ ಕರೆಯೋಕೆ ನನ್ನ ಅಡ್ಡಿಯಿಲ್ಲ. ಕಾಂಟ್ 1795ರ ತನ್ನ ಶಾಂತಿಯ ಪ್ರಬಂಧದಲ್ಲಿ ಪರದೇಶಿಗೆ ಇರೋದು ಭೇಟಿ ಕೊಡುವ ಹಕ್ಕು ಮಾತ್ರ ಅಂತಾನೆ. ಬಂದವನನ್ನು ಶತ್ರುವಿನಂತೆ ನಡೆಸಿಕೊಳ್ಳಬಾರದು, ಅಷ್ಟೇ. ಅತಿಥಿಯಾಗಿ ಉಳಿಯೋಕೆ ಬೇರೆಯದೇ ಒಪ್ಪಂದ ಬೇಕು. ಸ್ನೇಹ ಅದಕ್ಕಿಂತ ಮುಂದಿನದು ಅಂತ ನನ್ನ ಎಣಿಕೆ. ಅವರಿಗೂ ನಿನ್ನ ಮೇಲೆ ಹಕ್ಕು ಹುಟ್ಟಬೇಕು. ನೀನು ಅವರಿಂದ ಪಡೆದದ್ದನ್ನೇ ಇಷ್ಟು ಹೊತ್ತು ಹೇಳಿದೆ. ಅವರು ನಿನ್ನನ್ನು ಏನಾದರೂ ಕೇಳಿದ್ದಾರಾ?

ಶಿಷ್ಯೆ: ಕೇಳಿದ್ದಾರೆ. ಅಂದು ನನ್ನ ಮಾತು ತಿರುಗಿಸಿದ ಹುಡುಗಿ ಜನವರಿಯಲ್ಲಿ ಮೈಸೂರಿಗೆ ಬರ್ತಾಳಂತೆ. ಹೋಟೆಲ್ ಬೇಡ, ನಿಮ್ಮ ಮನೆಯಲ್ಲೇ ಇರ್ತೀನಿ, ಅಡುಗೆ ಕಲೀತೀನಿ ಅಂದಿದ್ದಾಳೆ. ಅಮ್ಮನ ಮಡಿ ನಿಮಗೆ ಗೊತ್ತು. ದೇವರ ಮನೆ, ಅಡುಗೆಮನೆ ಒಂದಕ್ಕೊಂದು ಅಂಟಿಕೊಂಡಿವೆ. ಆಕೆಯನ್ನು ಹಾಲ್‌ನಲ್ಲಿ ಕೂರಿಸಿ ಊಟ ಬಡಿಸೋದಕ್ಕೆ ಅಮ್ಮ ತಯಾರು, ಒಳಗೆ ಬಿಡೋಕೆ ಹಿಂದೆಮುಂದೆ ನೋಡ್ತಿದ್ದಾರೆ.

ಮೇಷ್ಟ್ರು: ಹಾಗಾದರೆ ನಿನ್ನ ಸ್ನೇಹದ ಪ್ರಶ್ನೆ ಇತ್ಯರ್ಥವಾಗೋದು ನಿಮ್ಮ ಅಡುಗೆಮನೆಯಲ್ಲಿ, ಕಾಖೇತಿಯಲ್ಲಿ ಅಲ್ಲ. ಅಮ್ಮನ ಹತ್ತಿರ ನಾನೂ ಮಾತಾಡ್ತೀನಿ. ಕೊಯ್ಲಿನ ಕಥೆ ಹೇಳು, ಕಾಗೆಯ ಕಥೆಯನ್ನಂತೂ ತಪ್ಪದೆ ಹೇಳು.

ಶಿಷ್ಯೆ: ಅಷ್ಟಕ್ಕೂ ಅಮ್ಮ ಒಪ್ಪದಿದ್ದರೆ?

ಮೇಷ್ಟ್ರು: ನಮ್ಮ ಮನೆ ಇದೆ. ನಿಮ್ಮ ಮೇಡಂ ಆ ಹುಡುಗಿಯ ಕೈಗೆ ಮೊದಲ ದಿನವೇ ಈಳಿಗೆ ಮಣೆ ಕೊಡ್ತಾಳೆ. ಬರಬಹುದು ಅಂತ ಈಗಲೇ ಫೋನ್ ಮಾಡಿ ಹೇಳು. ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ ಈಗಿನ್ನೂ ನಾಲ್ಕೂವರೆ.