ಸ್ಥಾವರದ ಮೆಟ್ಟಿಲು, ಜಂಗಮದ ದಾರಿ

ತಮ್ಮನ್ನು ಹೆಳವನನ್ನಾಗಿ, ಕುರುಡನನ್ನಾಗಿ, ಕಿವುಡನನ್ನಾಗಿ ಮಾಡೆಂದು ಬಸವಣ್ಣನವರು ಕೂಡಲಸಂಗಮದೇವನಲ್ಲಿ ಮೊರೆಯಿಟ್ಟ ವಚನವನ್ನು ಕೇಳದ ಲಿಂಗವಂತರ ಮನೆಯಿಲ್ಲ. ಇಂದ್ರಿಯಗಳು ವಿಷಯಗಳತ್ತ ಹರಿಯದೆ ಶರಣರ ಪಾದದಲ್ಲಿಯೇ ನೆಲೆಗೊಳ್ಳಲೆಂಬುದು ಆ ಮೊರೆಯ ತಿರುಳು. ಆದರೆ ಅದರೊಳಗೆ ಇನ್ನೊಂದು ಮಾತೂ ಅಡಗಿರುವದು. ಲೋಕವು ಪೂರ್ವಜನ್ಮದ ಪಾಪವೆಂದು ಹಳಿಯುವ ಸ್ಥಿತಿಯನ್ನು ಅಣ್ಣನವರು ವರವಾಗಿ ಬೇಡಿದರು. ಹಾಗೆ ಬೇಡಬಲ್ಲವರು ಹೆಳವನನ್ನು ಕೀಳಾಗಿ ಕಂಡಿರಲು ಸಾಧ್ಯವೇ?

ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಈ ಅರಿವನ್ನು ಆಚರಣೆಗೆ ತಂದರು. ಅವರ ಆಶ್ರಯದಲ್ಲಿ ಬೆಳೆದ ಅಂಧ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಸಂದಿತು. ಗದುಗಿನ ಆಶ್ರಮದಲ್ಲಿ ವಿದ್ಯೆ ಕಲಿತವನಿಗೆ ಗುರುವಿನ ಕರುಣೆಯುಂಟು. ಅವನೇ ಮರುದಿನ ಪಿಂಚಣಿಯ ಅರ್ಜಿ ಹಿಡಿದು ತಹಶೀಲದಾರರ ಕಚೇರಿಗೆ ಹೋದರೆ ಅಲ್ಲಿ ಅವನಿಗೆ ಬೇಕಾದದ್ದು ಕರುಣೆಯಲ್ಲ, ದಾರಿ.

1962ರಲ್ಲಿ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟ ಹುಬ್ಬಳ್ಳಿ-ಧಾರವಾಡಕ್ಕೆ ಕಲಘಟಗಿ, ಕುಂದಗೋಳ, ನವಲಗುಂದಗಳಿಂದ ಜನರು ನಿತ್ಯವೂ ಬರುವರು. ಆಸ್ಪತ್ರೆ ಹುಬ್ಬಳ್ಳಿಯಲ್ಲಿ, ಜಿಲ್ಲಾಧಿಕಾರಿಗಳ ಕಚೇರಿಯೂ ಹೈಕೋರ್ಟಿನ ಪೀಠವೂ ಧಾರವಾಡದಲ್ಲಿ. ಕಾಲು ನಡೆಯದವನು ಇಷ್ಟು ದೂರ ಬಂದು ಕಚೇರಿಯೊಂದರ ಹತ್ತು ಮೆಟ್ಟಿಲುಗಳ ಕೆಳಗೆ ಕುಳಿತು, ಯಾರಾದರೂ ಎತ್ತಿಯಾರೇ ಎಂದು ನೋಡುವದುಂಟು. ಎತ್ತುವವರು ಸಿಕ್ಕರೆ ನೋಡಿದವರೆಲ್ಲ ಅದನ್ನು ದಯೆಯೆಂದು ಕೊಂಡಾಡುವರು. ಆದರೆ ಮಕ್ಕಳೊಂದಿಗನಾದ ಗೃಹಸ್ಥನನ್ನು ಜೋಳದ ಚೀಲದಂತೆ ಹೊತ್ತೊಯ್ದರೆ ಅವನ ಮಾನದ ಗತಿಯೇನು? ದಯೆಯು ಧರ್ಮದ ಮೂಲವೆಂದು ಬಾಯಿಪಾಠ ಮಾಡಿದವರು ಈ ಮಾನವನ್ನು ಲೆಕ್ಕಕ್ಕೆ ಹಿಡಿಯುವದು ಕಡಿಮೆ.

ಕಾಯ್ದೆಯಾದರೋ ಇದನ್ನು ಲೆಕ್ಕಕ್ಕೆ ಹಿಡಿದಿದೆ. ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು, ನಿಯಮಗಳು ಹೊರಟ ದಿನದಿಂದ ಐದು ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೆಲ್ಲ ಎಲ್ಲರ ಪ್ರವೇಶಕ್ಕೆ ಸುಗಮವಾಗತಕ್ಕದ್ದೆಂದು ವಿಧಿಸಿತು. ನಿಯಮಗಳು ಹೊರಟದ್ದು 2017ರ ಜೂನ್‌ದಲ್ಲಿ; ಗಡುವು 2022ರಲ್ಲಿಯೇ ತೀರಿತು. ದೃಷ್ಟಿಹೀನರೊಬ್ಬರು 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ 8ರಂದು, ಸುಗಮತೆಯ ನಿಯಮಗಳು ಬರಿಯ ಸಲಹೆಗಳಾಗಿ ಉಳಿಯಲಾಗದು, ಕಡ್ಡಾಯದ ನಿಯಮಗಳೇ ಆಗಬೇಕೆಂದು ತೀರ್ಪಿತ್ತಿತು.

ಕೆಲಸವೇನೂ ಅಸಾಧ್ಯವಾದುದಲ್ಲ. ಒಂದಡಿ ಏರಲು ಹನ್ನೆರಡಡಿ ಉದ್ದದ ಇಳಿಜಾರು ಬೇಕು. ಎರಡಡಿ ಎತ್ತರದ ಕಟ್ಟೆಗೆ ಇಪ್ಪತ್ತನಾಲ್ಕಡಿ. ಜಾಗ ಸಾಲದೆಂದು ಎಂಟೇ ಅಡಿಯಲ್ಲಿ ಮುಗಿಸಿದರೆ ಗಾಲಿಕುರ್ಚಿ ಏರದು, ಏರಿದರೆ ಇಳಿಯುವಾಗ ಉರುಳುವದು. ಇಳಿಜಾರು ಮುಗಿಯುವಲ್ಲಿ ಬಾಗಿಲಿಗೆ ಬೀಗ ಜಡಿದಿದ್ದರೆ ಅದು ಕಾಗದದ ಮೇಲಿನ ಪುಣ್ಯ. ಕುರುಡರಿಗೆ ಕೈಯಿಂದ ಮುಟ್ಟಿ ಓದುವ ಫಲಕವೂ ಕಿವುಡರಿಗೆ ಸರದಿಯ ಸಂಖ್ಯೆಯನ್ನು ಕಣ್ಣಿಗೆ ಕಾಣಿಸುವ ವ್ಯವಸ್ಥೆಯೂ ಬೇಕೆಂಬುದು ಬಹಳ ಅಧಿಕಾರಿಗಳಿಗೆ ಹೊಳೆಯುವದೇ ಇಲ್ಲ.

ಮನಸ್ಸು ಮಾಡಿದರೆ ಆಗುವದೆಂಬುದಕ್ಕೆ ಅವಳಿನಗರದ ಚಿಗರಿ ಬಸ್ಸೇ ಸಾಕ್ಷಿ. 2018ರಲ್ಲಿ ಓಡಲಾರಂಭಿಸಿದ ಆ ಬಸ್ಸಿನ ನೆಲವೂ ನಿಲ್ದಾಣದ ಕಟ್ಟೆಯೂ ಸಮನಾದ ಎತ್ತರದಲ್ಲಿರುವಂತೆ ಮೊದಲೇ ಯೋಜಿಸಲಾಯಿತು. ಆ ಸೇವೆಯ ಕುರಿತು ಊರ ಜನರ ದೂರುಗಳು ಬೇಕಾದಷ್ಟಿವೆ. ಆದರೂ ಈ ಒಂದು ಸಂಗತಿಯಲ್ಲಿ ಅದು ಅನೇಕ ಕಚೇರಿಗಳಿಗಿಂತ ಶರಣಮಾರ್ಗಕ್ಕೆ ಹತ್ತಿರವಾಗಿದೆ. ಕಲ್ಲುಕಟ್ಟಡವು ಸ್ಥಾವರ, ಅದರ ಬಾಗಿಲಿಗೆ ಬಂದ ಜೀವವು ಜಂಗಮ. ಜಂಗಮವು ಹೊರಗೆ ನಿಂತಿರಲು ಸ್ಥಾವರಕ್ಕೆ ಮಾಡಿದ ಅಲಂಕಾರವು ಯಾರಿಗೆ ಸಲ್ಲುವದು?

ಭಕ್ತರಲ್ಲಿ ಇಂಜಿನಿಯರರು, ಗುತ್ತಿಗೆದಾರರು, ನಗರಸೇವಕರು ಇದ್ದೇ ಇರುವರು. ನಕಾಶೆಗೆ ಸಹಿ ಬೀಳುವ ಮುನ್ನ ಇಳಿಜಾರಿನ ಅಳತೆಯನ್ನು ನೋಡುವದು ಅವರ ಕಾಯಕದೊಳಗೇ ಬರುವದು. ಉಳಿದ ಗೃಹಸ್ಥರು ತಮ್ಮೂರ ಕಚೇರಿಯ ಸ್ಥಿತಿಯನ್ನು ಅಂಗವಿಕಲರ ರಾಜ್ಯ ಆಯುಕ್ತರ ಗಮನಕ್ಕೆ ಪತ್ರದಿಂದ ತರಬಹುದು. ಮಠಗಳ ಗದ್ದುಗೆಗೂ ದಾಸೋಹದ ಪಂಕ್ತಿಗೂ ಏರುವ ಮೆಟ್ಟಿಲುಗಳನ್ನು ಮುಂದಿನ ಜಾತ್ರೆಯ ಒಳಗಾಗಿ ಒಮ್ಮೆ ಎಣಿಸಿ ನೋಡುವದು ಬೇರೆಯೇ ಕೆಲಸ. ಅದಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ.